ಕೋಲಾರದ ಬೋರ್‌ವೆಲ್‌ಗೆ ಉಚಿತ ಕರೆಂಟ್: ಕೂಲಿ ಉಳಿಯಿತೇ, ನೀರು ಮುಗಿಯಿತೇ?

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ 2008ರಿಂದ ಕರೆಂಟ್ ಬಿಲ್ ಇಲ್ಲ. ಇಂಥ ಪಂಪ್‌ಸೆಟ್‌ಗಳು ರಾಜ್ಯದಲ್ಲಿ 30 ಲಕ್ಷ ದಾಟಿವೆ. ರಾಜ್ಯ ಬಳಸುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇವುಗಳಿಗೇ ಹೋಗುತ್ತದೆ. ಅದಕ್ಕಾಗಿ ಸರ್ಕಾರ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡಬೇಕಾದ ಸಬ್ಸಿಡಿ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿ ಮೀರಿದೆ. ಇಷ್ಟು ಹಣ ಒಂದು ಸೀಮೆಯ ಕೆಲಸ, ಕಸುಬು, ಏಳಿಗೆಗೆ ಏನು ಮಾಡಿದೆ? ಹೊಳೆಯೂ ನಾಲೆಯೂ ಇಲ್ಲದ ಕೋಲಾರ ಜಿಲ್ಲೆಯನ್ನು ಮುಂದಿಟ್ಟುಕೊಂಡು ಎರಡು ವಾದಗಳು ಇಲ್ಲಿವೆ.

ಪರ: ನೆಟ್ಟಗೆ ನಿಂತ ನಾಲೆ

ಮಂಡ್ಯದ ರೈತ ವಿಶ್ವೇಶ್ವರಯ್ಯ ನಾಲೆಯಿಂದ ಗದ್ದೆಗೆ ನೀರು ತಿರುಗಿಸಿಕೊಂಡರೆ ಅದನ್ನು ಯಾರೂ ಬಿಟ್ಟಿ ಎನ್ನುವುದಿಲ್ಲ. ಕನ್ನಂಬಾಡಿ ಕಟ್ಟೆಗೆ, ನಾಲೆಗೆ, ಹೂಳೆತ್ತುವುದಕ್ಕೆ, ಒಡೆದ ಏರಿಯನ್ನು ಕಟ್ಟುವುದಕ್ಕೆ ಹಾಕಿದ್ದೆಲ್ಲ ಸಾರ್ವಜನಿಕರ ಹಣ. ರೈತ ಕಟ್ಟುವ ನೀರಿನ ಕರ ಆ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ, ಬರಬೇಕೆಂದು ಕೇಳುವವರೂ ಇಲ್ಲ. ಆ ನೀರಿನ ಸುತ್ತ ಒಂದು ಸೀಮೆಯೇ ಬೆಳೆದು ನಿಂತಿತು ಎಂಬುದು ಎಲ್ಲರಿಗೂ ಕಾಣುತ್ತದೆ.

ಕೋಲಾರಕ್ಕೆ ಕಟ್ಟೆ ಕಟ್ಟಲು ಹೊಳೆಯೇ ಇಲ್ಲ. ಪಾಲಾರ್ ಮಳೆ ಬಿದ್ದಾಗ ಮಾತ್ರ ಹೊಳೆ, ಉಳಿದ ದಿನ ಮರಳಿನ ದಾರಿ. ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು. ಇಲ್ಲಿನ ನಾಲೆ ನೆಲದ ಮೇಲೆ ಅಡ್ಡ ಹರಿಯುವುದಿಲ್ಲ, ಸಾವಿರ ಅಡಿ ಕೊಳವೆಯಾಗಿ ನೆಲದೊಳಗೆ ನೆಟ್ಟಗೆ ನಿಂತಿದೆ. ಅದರ ತೂಬು ಎತ್ತುವುದು ತ್ರೀ ಫೇಸ್ ಕರೆಂಟ್. ಸರ್ಕಾರ ಅಲ್ಲಿ ನಾಲೆ ತೋಡಿತು, ಇಲ್ಲಿ ತಂತಿ ಎಳೆಯಿತು. ಒಂದು ನ್ಯಾಯ, ಇನ್ನೊಂದು ದುಂದು ಎನ್ನುವುದು ಹೇಗೆ?

ಲೆಕ್ಕ ಹಾಕಿಯೇ ನೋಡೋಣ. 300 ಮೀಟರ್, ಅಂದರೆ ಸುಮಾರು ಸಾವಿರ ಅಡಿ ಆಳದಿಂದ ಸೆಕೆಂಡಿಗೆ ಒಂದು ಲೀಟರ್ ನೀರೆತ್ತಲು ಬರಿಯ ಎತ್ತುವ ಕೆಲಸಕ್ಕೇ 2.94 ಕಿಲೋವ್ಯಾಟ್ ಬೇಕು. ಮೋಟರು, ಪಂಪು, ಪೈಪುಗಳಲ್ಲಿ ಸೋರಿಹೋಗುವುದನ್ನು ಸೇರಿಸಿ ಒಟ್ಟು ದಕ್ಷತೆ ಶೇಕಡ 40 ಎಂದು ಹಿಡಿದರೆ ಗಂಟೆಗೆ 7.4 ಯೂನಿಟ್ ಸುಡುತ್ತದೆ. ಆ ಗಂಟೆಯಲ್ಲಿ ಬರುವ ನೀರು 3,600 ಲೀಟರ್. ಸಾವಿರ ಲೀಟರಿಗೆ ಎರಡು ಯೂನಿಟ್ ಎಂದಾಯಿತು. ರೇಷ್ಮೆ ಹುಳು ತಿನ್ನುವ ಹಿಪ್ಪುನೇರಳೆಯ ಒಂದು ಎಕರೆಗೆ ಒಮ್ಮೆ ಒಂದೂವರೆ ಅಂಗುಲ ನೀರು ಹಾಯಿಸಬೇಕೆಂದರೆ ಸುಮಾರು 1.54 ಲಕ್ಷ ಲೀಟರ್, ಅಂದರೆ 315 ಯೂನಿಟ್. ಮಳೆಗಾಲ ಕಳೆದು ವರ್ಷಕ್ಕೆ 30 ಸಲ ಹಾಯಿಸಿದರೆ 9,450 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ವರ್ಷಕ್ಕೆ 66 ಸಾವಿರ. ಹನಿ ನೀರಾವರಿ ಹಾಕಿ ನೀರನ್ನು ಶೇಕಡ 40ರಷ್ಟು ಉಳಿಸಿದರೂ 40 ಸಾವಿರದ ಹತ್ತಿರ.

ಆ ಎಕರೆಯಿಂದ ಬರುವುದೆಷ್ಟು? ವರ್ಷಕ್ಕೆ ಐದು ಬೆಳೆ, ಬೆಳೆಗೆ 200 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗೊಂಚಲಿಗೆ ಇಲ್ಲಿ ಒಂದು ಮೊಟ್ಟೆ ಎಂದು ಲೆಕ್ಕ), ನೂರು ಮೊಟ್ಟೆಗೆ 65 ಕಿಲೋ ಗೂಡು ಎಂದು ಹಿಡಿದರೆ 650 ಕಿಲೋ. ಕಿಲೋಗೆ 400 ರೂಪಾಯಿ ಸಿಕ್ಕರೆ 2.6 ಲಕ್ಷ. ಇದರಲ್ಲಿ ಗೊಬ್ಬರ, ಚಾಕಿ ಹುಳು (ಮರಿ ಹುಳು), ಸುಣ್ಣ, ಬ್ಲೀಚಿಂಗ್ ಪುಡಿ, ಕೂಲಿ, ಬಾಡಿಗೆ ಎಲ್ಲ ಕಳೆಯಬೇಕು. ಅದರ ಮೇಲೆ 66 ಸಾವಿರದ ಕರೆಂಟ್ ಬಿಲ್ ಬಿದ್ದರೆ ಒಟ್ಟು ಆದಾಯದ ಕಾಲು ಭಾಗ ಹೋಯಿತು. ಗೂಡಿನ ದರ ಬಿದ್ದ ವರ್ಷ ಆತ ಮೊದಲು ಕೈಬಿಡುವುದು ಮೋಟರನ್ನಲ್ಲ, ಆಳನ್ನು. ಹಾಗಾಗಿ ಈ ಸಬ್ಸಿಡಿ ರೈತನ ಹೆಸರಿನಲ್ಲಿ ದಾಖಲಾದರೂ ಅದರ ಭಾರ ಹೊತ್ತು ನಿಂತಿರುವುದು ಕೂಲಿಯ ದಿನಗಳು.

ರೇಷ್ಮೆಯ ಕೆಲಸ ಎಷ್ಟು ಕೈ ಕೇಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಎರಡನೇ ಜ್ವರ (ಹುಳು ಪೊರೆ ಕಳಚುವ ಹಂತ) ದಾಟಿದ ಹುಳು ಚಾಕಿ ಕೇಂದ್ರದಿಂದ ಬರುತ್ತದೆ. ಅಲ್ಲಿಂದ ದಿನಕ್ಕೆ ಎರಡು ಮೂರು ಸಲ ರೆಂಬೆ ಕಡಿದು ತರಬೇಕು, ಹಾಸಿಗೆ ಬದಲಿಸಬೇಕು, ಸುಣ್ಣ ಉದುರಿಸಬೇಕು. ನಾಲ್ಕನೇ ಜ್ವರ ಕಳೆದ ಮೇಲಿನ ಏಳೆಂಟು ದಿನಗಳಲ್ಲೇ ಹುಳು ತನ್ನ ಜೀವಮಾನದ ಸೊಪ್ಪಿನ ಮುಕ್ಕಾಲಿಗೂ ಹೆಚ್ಚು ಪಾಲು ತಿಂದು ಮುಗಿಸುತ್ತದೆ. ಆ ದಿನಗಳಿಗೆ ಸೊಪ್ಪು ಒಣಗಿದ್ದರೆ ಗೂಡು ತೆಳ್ಳಗಾಗುತ್ತದೆ, ದರ ಅರ್ಧಕ್ಕಿಳಿಯುತ್ತದೆ. ಹುಳು ಹಣ್ಣಾದ ದಿನ ಮನೆಮಂದಿಯಷ್ಟೇ ಸಾಲದು, ಓಣಿಯ ಹೆಂಗಸರೆಲ್ಲ ಬಂದು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು, ತಡವಾದರೆ ಹುಳು ಸೊಪ್ಪಿನ ನಡುವೆಯೇ ಕಟ್ಟಿಬಿಡುತ್ತದೆ. ಐದಾರು ದಿನಕ್ಕೆ ಗೂಡು ಬಿಡಿಸುವ ಕೆಲಸ. ಅಲ್ಲಿಂದ ಶಿಡ್ಲಘಟ್ಟದ ಇಲ್ಲವೇ ರಾಮನಗರದ ಮಾರುಕಟ್ಟೆ, ಆಮೇಲೆ ಗೂಡಿನಿಂದ ನೂಲು ತೆಗೆಯುವ ರೀಲರ್ ಮನೆಯ ಬಿಸಿನೀರಿನ ತೊಟ್ಟಿ, ಹುರಿ ಹಾಕುವ ಯಂತ್ರ, ಮಗ್ಗ. ಒಂದು ಕಿಲೋ ಕಚ್ಚಾ ರೇಷ್ಮೆಯ ಹಿಂದೆ ಸೊಪ್ಪಿನಿಂದ ನೂಲಿನವರೆಗೆ 11 ಆಳಿನ ದಿನಗಳಿವೆ ಎನ್ನುವುದು ಕೇಂದ್ರ ರೇಷ್ಮೆ ಮಂಡಳಿಯ ಲೆಕ್ಕ. ಈ ಸರಪಳಿಯ ಮೊದಲ ಕೊಂಡಿ ತೋಟದ ನೀರು.

ಟೊಮೆಟೊದಲ್ಲೂ ಹೀಗೆಯೇ. ಟ್ರೇಯಲ್ಲಿ ಸಸಿ ಬೆಳೆಸುವ ನರ್ಸರಿ, ನೀಲಗಿರಿ ಕಡ್ಡಿ ಊರುವುದು, ಗಿಡ ಏರಿದಂತೆಲ್ಲ ದಾರ ಕಟ್ಟುವುದು, ಔಷಧಿ ಹೊಡೆಯುವುದು, ನೆಟ್ಟ ಎರಡು ತಿಂಗಳು ದಾಟಿದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳುವುದು, 15 ಕಿಲೋ ಬಾಕ್ಸಿಗೆ ವಿಂಗಡಿಸಿ ತುಂಬುವುದು, ಕೋಲಾರದ ಎಪಿಎಂಸಿಯಲ್ಲಿ ಇಳಿಸುವುದು, ಲಾರಿಗೆ ಹೇರುವುದು. ಮಳೆ ನಂಬಿದ ರಾಗಿ ಹೊಲದಲ್ಲಿ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ ಮುಗಿದರೆ ವರ್ಷದ ಉಳಿದರ್ಧಕ್ಕೆ ಕೂಲಿಯವರಿಗೆ ಅಲ್ಲಿ ಕೆಲಸವಿಲ್ಲ. ತೋಟದಲ್ಲಿ ವರ್ಷದ ಯಾವ ತಿಂಗಳಲ್ಲೂ ಏನಾದರೊಂದು ಇದ್ದೇ ಇದೆ. ಹತ್ತು ಗುಂಟೆ ನೇಪಿಯರ್ ಹುಲ್ಲಿಗೆ ನೀರಿದ್ದರೆ ಎರಡು ಹಸು, ಎರಡು ಹೊತ್ತು ಡೇರಿಗೆ ಹಾಲು, ಕೈಗೆ ಕಾಸು. ಭೂಮಿ ಕಡಿಮೆ ಇದ್ದವರ ಮನೆಯನ್ನು ನಡೆಸುತ್ತಿರುವುದು ಇದೇ.

ಈ ಕೂಲಿ ಯಾರದ್ದು ಎಂಬುದನ್ನೂ ಹೇಳಬೇಕು. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಶೇಕಡ 30ರಷ್ಟು ಪರಿಶಿಷ್ಟ ಜಾತಿಯವರು, ರಾಜ್ಯದಲ್ಲೇ ಅತಿ ಹೆಚ್ಚಿನ ಪ್ರಮಾಣ. ಅವರಲ್ಲಿ ಬಹಳ ಮಂದಿಗೆ ಜಮೀನಿಲ್ಲ, ಇದ್ದರೂ ಎಕರೆ ಅರ್ಧ ಎಕರೆ. ಗಂಗಾ ಕಲ್ಯಾಣದಲ್ಲಿ ಸರ್ಕಾರವೇ ಕೊರೆಸಿಕೊಟ್ಟ ಬೋರ್‌ಗೆ ತಿಂಗಳ ಬಿಲ್ ಬರತೊಡಗಿದರೆ ಅದನ್ನು ಮೊದಲು ಆರಿಸುವುದು ಇಂಥ ಮನೆಗಳು. ಇತ್ತ ಕೆಜಿಎಫ್ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಅದರ ಬದಲಿಗೆ ಆ ಊರಿಗೆ ಸಿಕ್ಕಿದ್ದು ಬೆಳಗಿನ ಮಾರಿಕುಪ್ಪಂ ರೈಲು, ಬೆಂಗಳೂರಿಗೆ ನಿಂತು ಹೋಗಿ ರಾತ್ರಿ ನಿಂತು ಬರುವ ಬದುಕು. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಿಗೆ ಆ ರೈಲೂ ಇಲ್ಲ. ಅಲ್ಲಿ ಊರಿನಲ್ಲೇ ಕೆಲಸ ಕೊಡಬಲ್ಲದ್ದು ನೀರಿರುವ ಎಕರೆ ಮಾತ್ರ.

ಮೀಟರ್ ಹಾಕಿ ದರ ವಿಧಿಸಿದರೆ ನೀರು ಉಳಿಯುತ್ತದೆ ಎನ್ನುವವರು ಪಶ್ಚಿಮ ಬಂಗಾಳವನ್ನು ತೋರಿಸುತ್ತಾರೆ. 2007ರ ನಂತರ ಅಲ್ಲಿ ಮೀಟರ್ ಬಂದಿತು, ನಿಜ. ಆದರೆ ಪಂಪು ಇದ್ದವರಿಂದ ನೀರು ಕೊಂಡು ಬೇಸಾಯ ಮಾಡುತ್ತಿದ್ದ ಸಣ್ಣ ರೈತರ ಮೇಲೆ ಹೊರೆ ಬಿತ್ತು. ಅಲ್ಲಿ ನೀರು ಕೈಗೆಟುಕುವ ಆಳದಲ್ಲಿದೆ. ಸಾವಿರ ಅಡಿಯಿಂದ ಎತ್ತುವ ಕೋಲಾರದಲ್ಲಿ ಅದೇ ದರದ ಪೆಟ್ಟು ಹಲವು ಪಟ್ಟು.

ಬೋರ್ ಒಣಗಿದ್ದಕ್ಕೆಲ್ಲ ಉಚಿತ ಕರೆಂಟೇ ಕಾರಣ ಎಂಬುದೂ ಅರ್ಧ ಮಾತು. ಹೂಳು ತುಂಬಿದ ಸಾವಿರಾರು ಕೆರೆಗಳು, ಮುಚ್ಚಿಹೋದ ರಾಜಕಾಲುವೆಗಳು, ದಶಕಗಳ ಕಾಲ ಸರ್ಕಾರವೇ ಹಬ್ಬಿಸಿದ ನೀಲಗಿರಿ ತೋಪುಗಳು ಇವುಗಳ ಪಾಲೂ ಇದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ಕೊಳಚೆ ನೀರು ತರುವ ಕೆಸಿ ವ್ಯಾಲಿ ಯೋಜನೆ 2018ರಲ್ಲಿ ಶುರುವಾದ ಮೇಲೆ ನೀರು ನಿಂತ ಕೆರೆಗಳ ಸುತ್ತ ಸತ್ತಿದ್ದ ಬೋರ್‌ಗಳು ಮತ್ತೆ ನೀರು ಕೊಟ್ಟವು. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ರೈತರ ಒತ್ತಾಯ ನ್ಯಾಯವಾದದ್ದು, ಅದನ್ನು ಸರ್ಕಾರ ಮಾಡಲೇಬೇಕು. ಆದರೆ ನೀರು ತುಂಬಿಸಿದರೆ ನೆಲ ಕೊಡುತ್ತದೆ ಎಂಬುದು ಕಣ್ಣೆದುರಿಗಿದೆ.

ರಾತ್ರಿ ಕರೆಂಟ್ ಕೊಡುವುದು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುವುದು, ಕತ್ತಲಲ್ಲಿ ಹಾವು ತುಳಿಯುವುದು ಇವೆಲ್ಲ ಇರುವ ಸಂಕಟಗಳೇ. ಇವು ಉಚಿತದಿಂದ ಬಂದವಲ್ಲ, ಕೊಡುವ ರೀತಿಯಿಂದ ಬಂದವು. ಕೇಂದ್ರದ ಕುಸುಮ್ ಸೌರ ಯೋಜನೆಯ 'ಸಿ' ಭಾಗದಂತೆ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರ ಘಟಕ ಹಾಕಿ, ಪಂಪುಗಳಿಗೆಂದೇ ಎಳೆದ ತಂತಿಯಾದ ಕೃಷಿ ಫೀಡರ್‌ಗೆ ಹಗಲು ಏಳು ಗಂಟೆ ಕೊಡಲಿ. ಜಿಲ್ಲೆಯ ಬರಡು ಗೋಮಾಳಗಳಲ್ಲಿ ಅದಕ್ಕೆ ಜಾಗವಿದೆ, ಬಿಸಿಲಿಗಂತೂ ಕೊರತೆಯಿಲ್ಲ. ಹಗಲಿನ ಸೌರ ವಿದ್ಯುತ್ತಿನ ಯೂನಿಟ್ಟಿಗೆ 7 ರೂಪಾಯಿ ತಗಲುವುದೂ ಇಲ್ಲ. ಸರ್ಕಾರದ ಹೊರೆ ಇಳಿಯುತ್ತದೆ, ರೈತನಿಗೆ ರಾತ್ರಿ ನಿದ್ದೆ, ತೋಟದ ಕೂಲಿಗೆ ಹಗಲಿನ ಹೊತ್ತು ಸಿಗುತ್ತದೆ.

ವಿರೋಧ: ಆಳಕ್ಕೆ ಹೋದ ಹಣ ಆಳಿಗೆ ಸಿಗಲಿಲ್ಲ

ಮೇಲಿನ ಲೆಕ್ಕದಲ್ಲಿ ತಪ್ಪಿಲ್ಲ. ಅದನ್ನೇ ಇನ್ನೊಂದು ಹೆಜ್ಜೆ ಮುಂದೆ ಮಾಡಿದರೆ ಕಥೆ ಬೇರೆಯಾಗುತ್ತದೆ. ನೀರು 300 ಮೀಟರಿನ ಬದಲು 60 ಮೀಟರಿನಲ್ಲಿದ್ದಿದ್ದರೆ ಅದೇ ಎಕರೆಗೆ, ಅದೇ 30 ನೀರಿಗೆ, ಐದರಲ್ಲೊಂದು ಪಾಲು ವಿದ್ಯುತ್ ಸಾಕಿತ್ತು: 1,890 ಯೂನಿಟ್, 13 ಸಾವಿರ ರೂಪಾಯಿ. ಉಳಿದ 53 ಸಾವಿರ ಒಂದು ಸೊಪ್ಪನ್ನೂ ಹೆಚ್ಚು ಬೆಳೆಸುವುದಿಲ್ಲ, ಒಬ್ಬ ಆಳಿಗೂ ಹೆಚ್ಚು ಕೆಲಸ ಕೊಡುವುದಿಲ್ಲ. ಅದು ನೀರು ಕೆಳಗಿಳಿದದ್ದಕ್ಕೆ ಕಟ್ಟುವ ದಂಡ. ನೀರು ಇನ್ನೂ ಇಳಿದಂತೆ ದಂಡವೂ ಏರುತ್ತದೆ, ನಾವು ಅದನ್ನು ರೈತರ ನೆರವು ಎಂದು ಬಜೆಟ್ಟಿನಲ್ಲಿ ಬರೆದುಕೊಳ್ಳುತ್ತೇವೆ.

ನಾಲೆಯ ಹೋಲಿಕೆ ನಿಲ್ಲದಿರುವುದೂ ಇಲ್ಲೇ. ಕನ್ನಂಬಾಡಿ ಮಳೆಗಾಲಕ್ಕೆ ಮತ್ತೆ ತುಂಬುತ್ತದೆ. ಕೋಲಾರದ ನೆಲ ಗಟ್ಟಿ ಕಲ್ಲಿನ ನೆಲ. ಮೇಲಿನ ನೂರಡಿಯ ಆಸುಪಾಸು ಕೊಳೆತ ಕಲ್ಲು, ಅದು ಸ್ಪಂಜಿನಂತೆ ಮಳೆನೀರು ಹಿಡಿಯುತ್ತಿತ್ತು, ಹಳೆಯ ತೆರೆದ ಬಾವಿಗಳು ಬದುಕಿದ್ದು ಅದರ ಮೇಲೆ. ಅದರ ಕೆಳಗೆ ಬರಿಯ ಬಿರುಕುಗಳು. ಬಿರುಕಿನಲ್ಲಿ ಹಿಡಿಯುವ ನೀರೇ ಕಡಿಮೆ, ಅದು ಸೇರಲು ಹಿಡಿದ ಕಾಲ ಬಹಳ. ಆಳಕ್ಕೆ ಹೋದಷ್ಟೂ ಬಹಳ ಕಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದ ಫ್ಲೋರೈಡ್, ಅದು ದಾಟಿದ ಊರುಗಳಲ್ಲಿ ಮಕ್ಕಳ ಹಲ್ಲು ಹಳದಿಗಟ್ಟಿ ದೊಡ್ಡವರ ಕೀಲು ಹಿಡಿದುಕೊಳ್ಳುತ್ತದೆ. ಕೂಲಿಯ ದಿನಗಳನ್ನು ಎಣಿಸುವಾಗ ಕೀಲು ಹಿಡಿದವನು ಕಳೆದುಕೊಂಡ ದಿನಗಳನ್ನೂ ಎಣಿಸಬೇಕಲ್ಲವೇ? ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನದಲ್ಲಿ ಕೋಲಾರ ವರ್ಷಗಳಿಂದ ಅತಿಬಳಕೆಯ ಪಟ್ಟಿಯಲ್ಲಿದೆ, ಅಂದರೆ ಇಲ್ಲಿ ಮಳೆ ಇಳಿಸುವುದಕ್ಕಿಂತ ಮೋಟರ್ ಎತ್ತುವುದು ಹೆಚ್ಚು. ಕೆರೆಯ ಹೂಳು, ನೀಲಗಿರಿ ಎರಡೂ ನಿಜವಾದ ಕಾರಣಗಳೇ. ಆದರೆ 2017ರಲ್ಲಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿತು, ಮೋಟರಿನ ಬಗ್ಗೆ ಮಾತ್ರ ಮಾತಾಡಲಿಲ್ಲ.

ಕರೆಂಟ್ ಉಚಿತವಾದ್ದರಿಂದ ನೀರು ಹೇಗೆ ಹೋಗುತ್ತದೆ ಎಂಬುದು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕಾಣುತ್ತದೆ. ತ್ರೀ ಫೇಸ್ ಬರುವ ಹೊತ್ತು ನಂಬುವಂತಿಲ್ಲ, ರಾತ್ರಿ ಹನ್ನೊಂದಕ್ಕೂ ಬರಬಹುದು. ಅದಕ್ಕೇ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಕೊಂಡಿದ್ದಾರೆ. ಕರೆಂಟ್ ಬಂದ ಕ್ಷಣ ಮೋಟರ್ ಓಡುತ್ತದೆ, ಹೋಗುವವರೆಗೂ ಓಡುತ್ತದೆ. ಗಿಡಕ್ಕೆ ಬೇಕೋ ಬೇಡವೋ ನೀರು ತೊಟ್ಟಿಗೋ ಪಾತಿಗೋ ಬೀಳುತ್ತಲೇ ಇರುತ್ತದೆ. ನಿಲ್ಲಿಸಿದರೆ ತನಗೇನೂ ಉಳಿಯುವುದಿಲ್ಲ, ತಾನು ಬಿಟ್ಟ ನೀರನ್ನು ಬದಿಯ ಬೋರ್ ಎಳೆದುಕೊಳ್ಳುತ್ತದೆ ಎಂದು ಪ್ರತಿಯೊಬ್ಬನಿಗೂ ಗೊತ್ತು. ಇಲ್ಲಿ ದುರಾಸೆಯ ಮಾತಿಲ್ಲ, ವ್ಯವಸ್ಥೆ ಅವನಿಗೆ ಕಲಿಸಿದ ಪಾಠವಿದು.

ಒಂದೇ ಹೊತ್ತಿಗೆ ಎಲ್ಲ ಮೋಟರ್ ಎದ್ದರೆ ಟಿಸಿಗೆ ಏನಾಗುತ್ತದೆ? 10 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್, ಎಳೆತ ತಗ್ಗಿಸುವ ಕೆಪಾಸಿಟರ್ ಇಲ್ಲದೆ ಓಡುವಾಗ ಸುಮಾರು 12 ಕೆವಿಎ (ಟಿಸಿ ಹೊರುವ ಹೊರೆಯ ಅಳತೆ) ಎಳೆಯುತ್ತದೆ. 25 ಕೆವಿಎ ಟಿಸಿ ಇಂಥ ಎರಡನ್ನು ತಾಳುತ್ತದೆ, 63 ಕೆವಿಎ ಐದನ್ನು. ಅದಕ್ಕೆ ಸಕ್ರಮವಾಗದ ಸಂಪರ್ಕಗಳೂ ಸೇರಿ ಏಳೆಂಟು ನೇತಾಡುತ್ತಿರುತ್ತವೆ. ನೇರ ಸ್ಟಾರ್ಟರ್‌ನಲ್ಲಿ ಮೋಟರ್ ಏಳುವಾಗ ಐದಾರು ಪಟ್ಟು ಕರೆಂಟ್ ಬೇಡುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟರ್ ಇನ್ನಷ್ಟು ಕರೆಂಟ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ, ಕೊನೆಗೆ ಟಿಸಿಯೂ ಸುಡುತ್ತದೆ. ಬದಲಿ ಟಿಸಿ ಬರಲು ಮೂರ್ನಾಲ್ಕು ದಿನ ಹಿಡಿದರೆ, ಆ ದಿನಗಳು ಹುಳುವಿನ ಕೊನೆಯ ಏಳು ದಿನಗಳ ಮೇಲೆ ಬಿದ್ದರೆ, ಬೆಳೆಯೂ ಹೋಯಿತು ಕೂಲಿಯೂ ಹೋಯಿತು. ಸಾವಿರ ಅಡಿಯಿಂದ ಮೋಟರ್ ಮೇಲೆತ್ತಿ, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ಖರ್ಚು ಬಿಟ್ಟಿಯಲ್ಲ. ಬಿಲ್ ಇಲ್ಲದ ಕರೆಂಟಿಗೆ ರೈತ ಹೀಗೆ ಬೇರೆ ಬಾಗಿಲಿನಿಂದ ಕಟ್ಟುತ್ತಲೇ ಇದ್ದಾನೆ. ಸರಿಯಾದ ಅಳತೆಯ ಕೆಪಾಸಿಟರ್ ಕೂಡಿಸಿದರೆ, ಆಟೋ ಸ್ಟಾರ್ಟರ್‌ಗಳಿಗೆ ಬೇರೆಬೇರೆ ನಿಮಿಷದ ವಿಳಂಬ ಇಟ್ಟರೆ ಇದರಲ್ಲಿ ಎಷ್ಟೋ ತಪ್ಪುತ್ತದೆ. ಆದರೆ ಕೆಪಾಸಿಟರ್‌ಗೆ ಸ್ವಂತ ದುಡ್ಡು ಹಾಕಿದವನಿಗೆ ಉಳಿಸಲು ಬಿಲ್ಲೇ ಇಲ್ಲವಲ್ಲ!

ಇನ್ನು ಹಣ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆ. ವರ್ಷಕ್ಕೆ ಎಕರೆಗೆ 66 ಸಾವಿರ ಮೌಲ್ಯದ ಕರೆಂಟ್ ಸಿಗುವುದು ಸಾವಿರ ಅಡಿ ಕೊರೆಸಲು ಶಕ್ತಿಯಿದ್ದವನಿಗೆ. ಬದಿಯ ಬೆದ್ದಲಿನಲ್ಲಿ ಮಳೆ ನಂಬಿ ರಾಗಿ, ಅವರೆ, ಹುರುಳಿ ಬೆಳೆಯುವವನಿಗೆ ಈ ಯೋಜನೆಯಿಂದ ಒಂದು ರೂಪಾಯಿಯೂ ಇಲ್ಲ. 10 ಎಚ್‌ಪಿ ಮಿತಿ ಇರುವುದು ಒಂದು ಆರ್‌ಆರ್ ಸಂಖ್ಯೆಗೆ, ಅಂದರೆ ಒಂದು ಸಂಪರ್ಕಕ್ಕೆ, ಮನೆಗಲ್ಲ. ಮೂರು ಬೋರ್ ಇದ್ದವನಿಗೆ ಮೂರು ಉಚಿತ ಸಂಪರ್ಕ. ಕೊರೆಯುವುದು, ಕೇಸಿಂಗ್ ಪೈಪು, ಮೋಟರು, ಕೇಬಲ್ಲು ಎಲ್ಲ ಸೇರಿ ಮೂರ್ನಾಲ್ಕು ಲಕ್ಷಕ್ಕೆ ಕಡಿಮೆಯಿಲ್ಲದೆ ಮುಗಿಯದ ಜೂಜಿದು. ಮೊದಲ ಬೋರ್‌ನಲ್ಲಿ ದೂಳು ಬಂದರೆ ಎರಡನೆಯದು, ಅದಕ್ಕೆ ಒಡವೆ, ಆಮೇಲೆ ಬಡ್ಡಿ ಸಾಲ. ಇದನ್ನು ಎರಡು ಮೂರು ಸಲ ಆಡಬಲ್ಲವನು ಉಳಿಯುತ್ತಾನೆ. ಒಂದೇ ಸಲಕ್ಕೆ ಮುಗಿದವನು ತೋಟವನ್ನು ಗುತ್ತಿಗೆಗೆ ಕೊಟ್ಟು ನರಸಾಪುರದ ಕಾರ್ಖಾನೆಯ ಬಸ್ಸಿಗೆ ಕಾಯುತ್ತಾನೆ. ಗಂಗಾ ಕಲ್ಯಾಣದ ಬೋರ್‌ಗಳನ್ನು ಉಚಿತ ಕರೆಂಟ್ ಕಾಪಾಡುತ್ತದೆ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಆ ಬೋರ್‌ಗಳು ನಿಂತದ್ದು ಬಿಲ್ಲಿನಿಂದಲ್ಲ, ಪಕ್ಕದಲ್ಲಿ ಇನ್ನೂ ಆಳಕ್ಕಿಳಿದ ಬೋರ್‌ಗಳಿಂದ.

ಕೊರೆಯುವ ಹಣ ಊರಿನಲ್ಲಿ ಉಳಿಯುವುದೂ ಇಲ್ಲ. ರಿಗ್ ಲಾರಿಗಳು ಬಹುಪಾಲು ತಮಿಳುನಾಡಿನ ತಿರುಚೆಂಗೋಡಿನವು, ಮೋಟರು ಕೊಯಮತ್ತೂರಿನದು. ಒಂದು ಹಳ್ಳಿ ಹತ್ತು ವರ್ಷದಲ್ಲಿ ನೆಲದೊಳಗೆ ಹಾಕಿದ ದುಡ್ಡಿನಲ್ಲಿ ಆ ಊರಿನ ಕೆರೆಯ ಹೂಳನ್ನು ಊರವರ ಕೈಯಿಂದಲೇ ಎತ್ತಿಸಬಹುದಿತ್ತು.

ಟೊಮೆಟೊದ ಕೂಲಿ ನಿಜ. ಆದರೆ ಬಾಕ್ಸಿನ ದರ ನೂರರೊಳಗೆ ಬಿದ್ದ ವಾರ ಕಿತ್ತ ಕೂಲಿಯೂ ಹುಟ್ಟುವುದಿಲ್ಲ, ಹಣ್ಣು ಗಿಡದಲ್ಲೇ ಕೊಳೆಯುತ್ತದೆ, ಇಲ್ಲವೇ ರಸ್ತೆಗೆ ಬೀಳುತ್ತದೆ. ಅದನ್ನು ತಡೆಯಬಲ್ಲದ್ದು ಪೇಸ್ಟ್, ಪ್ಯೂರಿ ಮಾಡುವ ಘಟಕ ಮತ್ತು ಶೀತಲಗೃಹ. ಅವಕ್ಕೆ ಬೇಕಾದದ್ದು ದಿನವಿಡೀ ನಿಲ್ಲದ ತ್ರೀ ಫೇಸ್ ಮತ್ತು ತಾಳಬಲ್ಲ ದರ. ತೋಟದ ನೀರಿಗೆ ಸೊನ್ನೆ ದರ, ತೋಟದ ಹಣ್ಣನ್ನು ಉಳಿಸುವ ಯಂತ್ರಕ್ಕೆ ಕೈಗಾರಿಕಾ ದರ. ಶಿಡ್ಲಘಟ್ಟದ ರೀಲರ್ ಮನೆಗೂ ಹೊಲದಷ್ಟು ಅಗ್ಗದ ಕರೆಂಟ್ ಇಲ್ಲ. ಬೆಳೆಯನ್ನು ಹೆಚ್ಚಿಸಿ, ಬೆಳೆದದ್ದನ್ನು ಕಾಯುವ ಕೆಲಸವನ್ನು ಮರೆತ ನೆರವು ಇದು. ವರ್ಷವಿಡೀ ಸಂಬಳ ಕೊಡುವ ಕೆಲಸ ಇರುವುದು ಆ ಎರಡನೆಯದರಲ್ಲಿ.

ವಿದ್ಯುತ್ ಕಂಪನಿಯ ಕಡೆಯಿಂದ ನೋಡಿ. 2003ರ ವಿದ್ಯುತ್ ಕಾಯ್ದೆಯ 65ನೇ ಕಲಮಿನಂತೆ ಸರ್ಕಾರ ಸಬ್ಸಿಡಿಯನ್ನು ಮುಂಗಡವಾಗಿ ಕೊಡಬೇಕು. ತಡವಾದಾಗಲೆಲ್ಲ ಕಂಪನಿ ಸಾಲ ಮಾಡುತ್ತದೆ, ಸಾಲದ ಬಡ್ಡಿ ಉಳಿದ ಗ್ರಾಹಕರ ದರಕ್ಕೆ ಸೇರುತ್ತದೆ. ಪಂಪ್‌ಸೆಟ್‌ಗಳಲ್ಲಿ ಬಹುತೇಕ ಮೀಟರ್ ಇಲ್ಲದ್ದರಿಂದ ಬಳಕೆ ಬರಿಯ ಅಂದಾಜು. ಹಳೆಯ ತಂತಿಯ ಸೋರಿಕೆ, ಕಳವು ಎಲ್ಲವೂ ರೈತನ ಹೆಸರಿನ ಅಂದಾಜಿನೊಳಗೆ ಅಡಗಿಕೊಳ್ಳುತ್ತವೆ. ರೈತನಿಗೆ ಸಿಗದ ಯೂನಿಟ್ಟೂ ರೈತನ ಲೆಕ್ಕಕ್ಕೇ ಬರುವುದು ಅವನಿಗೆ ಮಾಡಿದ ಅನ್ಯಾಯ.

ಕೆಸಿ ವ್ಯಾಲಿಯನ್ನೇ ತೆಗೆದುಕೊಳ್ಳಿ. ದಿನಕ್ಕೆ 44 ಕೋಟಿ ಲೀಟರ್ ಎಂದರೆ ವರ್ಷಕ್ಕೆ ಐದೂಮುಕ್ಕಾಲು ಟಿಎಂಸಿಯ ಹತ್ತಿರ. ಆ ನೀರನ್ನು ಬೆಂಗಳೂರಿನಿಂದ ಪಂಪು ಮಾಡಿ ಕೆರೆಗೆ ತರಲು ಸರ್ಕಾರದ ಕರೆಂಟ್. ಅದು ನೆಲಕ್ಕಿಳಿದ ಮೇಲೆ ಮತ್ತೆ ಎತ್ತಲೂ ಸರ್ಕಾರದ ಕರೆಂಟ್. ಒಂದೇ ನೀರಿಗೆ ಎರಡು ಸಲ ಕೊಡುತ್ತೇವೆ, ಎಷ್ಟು ಎತ್ತಬಹುದು ಎಂಬ ಮಿತಿಯನ್ನು ಮಾತ್ರ ಯಾರೂ ಹಾಕುವುದಿಲ್ಲ. 2011ರ ಅಂತರ್ಜಲ ಕಾಯ್ದೆ ಕೊರೆಯಲು ಅನುಮತಿ ಕೇಳುತ್ತದೆ, ಕೊರೆದ ಮೇಲೆ ದಿನಕ್ಕೆ ಎಷ್ಟು ನೀರು ಎಂದು ಅಳೆಯುವ ವ್ಯವಸ್ಥೆ ಹೊಲದಲ್ಲಿ ಎಲ್ಲಿದೆ? ಹಗಲಿನ ಸೌರ ಫೀಡರ್ ಒಳ್ಳೆಯದೇ. ಆದರೆ ಮಿತಿಯಿಲ್ಲದ ಸೌರ ಕರೆಂಟ್ ಕೂಡ ಬೋರನ್ನು ಅಷ್ಟೇ ಬೇಗ ಬರಿದು ಮಾಡುತ್ತದೆ, ಈ ಸಲ ಬೆಳಕಿನಲ್ಲಿ.

ಹಾಗಾದರೆ ರೈತನ ಕೈಯಿಂದ ಈ ಹಣ ಕಿತ್ತುಕೊಳ್ಳಬೇಕೇ? ಬೇಡ. ಕೊಡುವ ರೂಪ ಬದಲಿಸಬೇಕು. ಪಂಜಾಬಿನಲ್ಲಿ 2018ರಲ್ಲಿ 'ಪಾನಿ ಬಚಾವೋ ಪೈಸಾ ಕಮಾವೋ' ಎಂಬ ಯೋಜನೆ ಬಂತು. ಒಪ್ಪಿದ ರೈತನ ಪಂಪಿಗೆ ಮೀಟರ್ ಹಾಕಿ, ಒಂದು ಪ್ರಮಾಣದ ಯೂನಿಟ್ ಅವನದೆಂದು ಗೊತ್ತುಮಾಡಿ, ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿಯನ್ನು ಅವನ ಖಾತೆಗೆ ಹಾಕುವುದು. ಅದನ್ನೇ ಮೇಲಿನ ಎಕರೆಗೆ ಹೊಂದಿಸಿ ನೋಡಿ. 9,450 ಯೂನಿಟ್ ಅವನ ಹಕ್ಕು. ಹನಿ ನೀರಾವರಿ ಹಾಕಿ 3,780 ಉಳಿಸಿದರೆ ಅವನಿಗೆ ವರ್ಷಕ್ಕೆ 15 ಸಾವಿರ ನಗದು. ಯೂನಿಟ್ಟಿಗೆ 3 ರೂಪಾಯಿಯಂತೆ ಸರ್ಕಾರಕ್ಕೂ 11 ಸಾವಿರ ಉಳಿಯಿತು. ತೋಟವೂ ಇದೆ, ಕೂಲಿಯೂ ಇದೆ, ನೀರು ಮಾತ್ರ ನೆಲದಲ್ಲೇ ಉಳಿಯಿತು. ಮೀಟರ್ ಎಂದರೆ ನಾಳೆ ಬಿಲ್ ಎಂಬ ರೈತರ ಭಯಕ್ಕೆ ಕಾರಣವಿದೆ. ಅದಕ್ಕೇ ಮೊದಲು ಒಬ್ಬೊಬ್ಬರ ಪಂಪಿಗಲ್ಲ, ಬೇರ್ಪಡಿಸಿದ ಕೃಷಿ ಫೀಡರ್‌ಗೆ ಮೀಟರ್ ಇಟ್ಟು, ಇಡೀ ಫೀಡರ್ ಉಳಿಸಿದ್ದಕ್ಕೆ ಆ ಊರುಗಳಿಗೆ ಹಣ ಕೊಡುವುದರಿಂದ ಶುರು ಮಾಡಬಹುದು. ಆ ಹಣದಲ್ಲಿ ಒಂದು ಪಾಲು ಬೋರ್ ಇಲ್ಲದ ಮನೆಗಳಿಗೂ ಹೋಗಬೇಕು, ಯಾಕೆಂದರೆ ಅಂತರ್ಜಲ ಅವರ ಕಾಲಡಿಯದೂ ಹೌದು.

ಬೆದ್ದಲಿನವನಿಗೆ ನೆರವಾಗುವ ದಾರಿಯೂ ಕಣ್ಣೆದುರಿಗಿದೆ. ರಾಗಿಯ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ. ಖರೀದಿ ಕೇಂದ್ರಗಳು ತಡವಾಗಿ ತೆರೆದರೆ ಸಾಲ ತೀರಿಸುವ ಆತುರದ ರೈತ ಅದಕ್ಕೂ ಮೊದಲೇ ವ್ಯಾಪಾರಿಗೆ ಮಾರಿರುತ್ತಾನೆ. ಕೊಯ್ಲಿನ ತಿಂಗಳಿಗೇ ಕೇಂದ್ರ ತೆರೆದು, ನೋಂದಣಿ ಮುಗಿಸಿ, ಹಣವನ್ನು ವಾರದೊಳಗೆ ಖಾತೆಗೆ ಹಾಕಿದರೆ ನೀರೇ ಬೇಡದ ಬೆಳೆ ನೀರಿನ ಬೆಳೆಯೊಂದಿಗೆ ನಿಲ್ಲಬಲ್ಲದು. ಶ್ರೀನಿವಾಸಪುರದ ಮಾವು ಬೆಳೆದದ್ದೂ ಬಹುಮಟ್ಟಿಗೆ ಮಳೆಯಲ್ಲೇ. ಅದಕ್ಕೆ ಕೊರತೆಯಿರುವುದು ಸುಗ್ಗಿಯ ಎರಡು ತಿಂಗಳಾಚೆಗೂ ಕೆಲಸ ಕೊಡುವ ತಿರುಳಿನ ಘಟಕಗಳದ್ದು, ಆ ಘಟಕಗಳಿಗೆ ಹಗಲಿಡೀ ನಿಲ್ಲುವ ಕರೆಂಟಿನದ್ದು.